ಸಲ್ಮಾ ನನ್ನ ತಂಗಿಯಾದ ನವರಾತ್ರಿ

೯ ಸೆಪ್ಟೆಂಬರ್, ಮಂಗಳವಾರ

ಈ ಡೈರಿ ಎಣ್ಣೆ ಡಬ್ಬದ ಏಜೆಂಟ್ ಹೋಟೆಲಿಗೆ ಕೊಟ್ಟದ್ದು. ಜನವರಿಯಿಂದ ಇಸ್ತ್ರಿ ಬಟ್ಟೆಯ ಅಡಿಯಲ್ಲಿ ಬಿದ್ದಿತ್ತು, ಇವತ್ತು ಹೊರಗೆ ತೆಗೆದೆ. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಹೇಳದೆ ಇರಲಿಕ್ಕೂ ಆಗುವುದಿಲ್ಲ.

ಮಧ್ಯಾಹ್ನ ಬಿಲ್ಡಿಂಗಿನ ಹೆಂಗಸರ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ಹೋಟೆಲಿನ ಅಡಿಗೆಕೋಣೆ. ಗಡ್ಡದ ಮನುಷ್ಯನೊಬ್ಬ ದೊಡ್ಡ ಒಲೆಯ ಮೇಲೆ ಬಗ್ಗಿ ಉಫ್ ಉಫ್ ಅಂತ ಊದುತ್ತಾನೆ. ಹಿಂದೆ ಸಾಂಬಾರಿನ ತೋಪು. ಇವನು ಊಟಕ್ಕೆ ಉಗುಳುತ್ತಾನೆ, ಎಲ್ಲರಿಗೂ ಕಳಿಸಿ, ಎಲ್ಲಿದ್ದರೂ ಹುಡುಕಿ ಅಂತ ಅಡಿಯಲ್ಲಿ ಬರೆದಿದ್ದರು. ನಮ್ಮ ಬಿಲ್ಡಿಂಗಿನ ಹೆಂಗಸರು ಒಬ್ಬರ ಮೇಲೊಬ್ಬರು ವಾಂತಿಯ ಚಿತ್ರ ಕಳಿಸಿದ್ದಾರೆ.

ಆ ಮನುಷ್ಯ ಅಮೀರಣ್ಣ. ನಮ್ಮ ಅಮೀರಸಾಬ. ಹೋಟೆಲುಗಳ ಗ್ಯಾಸ್ ಒಲೆ ರಿಪೇರಿ ಮಾಡುವವನು. ಅಂಧೇರಿಯ ನಮ್ಮ ಹೋಟೆಲಿನ ಒಲೆಗಳಿಗೂ ಅವನದೇ ಕೈ. ಬರ್ನರಿನ ತೂತಿಗೆ ಮಸಿ ಕಟ್ಟಿದರೆ ಬಾಯಿಂದ ಊದಿಯೇ ತೆಗೆಯಬೇಕು, ಇನ್ನೆಂಥದರಿಂದ ತೆಗೆಯುವುದು. ನನ್ನ ಗಂಡ ಕೊರಗಪ್ಪನೂ ಊದುತ್ತಾರೆ. ನಾನು ನಿನ್ನೆಯೇ ಊದಿದ್ದೇನೆ. ಹಾಗಂತ ಗ್ರೂಪಿನಲ್ಲಿ ಬರೆಯಲು ಹೋದೆ, ಇವರು ಫೋನು ಕಿತ್ತುಕೊಂಡರು. "ಹೋಟೆಲ್ ನಡೆಸುವವರ ಮನೆಯಿಂದ ಈ ಮಾತು ಬಂದರೆ ನಾಳೆ ನಮ್ಮ ಬೋರ್ಡೂ ಇರುವುದಿಲ್ಲ ಮಾರಾಯ್ತಿ" ಅಂದರು.

ಭಾಂಡುಪಿನಲ್ಲಿ ಅವನ ಅಂಗಡಿ ನಿನ್ನೆ ಸಂಜೆ ಒಡೆದರಂತೆ. ಅವನ ಹೆಂಡತಿ ಸಲ್ಮಾನ ಫೋನ್ ಸ್ವಿಚ್ ಆಫ್. ಬೆಳಿಗ್ಗೆಯಿಂದ ಮಾಡುತ್ತಲೇ ಇದ್ದೇನೆ.

೧೦ ಸೆಪ್ಟೆಂಬರ್, ಬುಧವಾರ

ಬಂದರು. ಜೀವ ಬಂತು, ಜೀವ ಹೋಯಿತು, ಎರಡೂ ಒಟ್ಟಿಗೆ.

ಮುಲುಂಡಿನಲ್ಲಿ ಪರಿಚಯದವರ ಗೋದಾಮಿನಲ್ಲಿ ಇದ್ದರಂತೆ. ನನ್ನ ಮಗ ಸುಹಾಸ ಆಫೀಸಿಗೆ ರಜೆ ಹಾಕಿ ಕಾರು ತೆಗೆದುಕೊಂಡು ಹೋಗಿ ಕರೆತಂದ. ಪೊಲೀಸರು ದೂರು ಬರೆದುಕೊಂಡು, ಕೆಲವು ದಿನ ಬೇರೆ ಕಡೆ ಇರಿ ಅಂದರಂತೆ. ಬೇರೆ ಕಡೆ ಅಂದರೆ ಎಲ್ಲಿ ಅಂತ ಹೇಳಲಿಲ್ಲವಂತೆ. ಅಮೀರಣ್ಣನ ಕಾಲಿಗೆ ಗಾಜು ಹೊಕ್ಕಿದೆ, ಪಾದದಿಂದ ಮೊಣಕಾಲಿನವರೆಗೆ ಬಾತಿದೆ. ಗಡ್ಡವನ್ನು ತಾನೇ ಬೋಳಿಸಿಕೊಂಡಿದ್ದಾನೆ, ಕೆನ್ನೆಯೆಲ್ಲ ಗಾಯ. ಗಡ್ಡವಿಲ್ಲದ ಅವನ ಮುಖ ನಾನು ಯಾವತ್ತೂ ನೋಡಿರಲಿಲ್ಲ. ನೋಡಬಾರದ್ದನ್ನು ನೋಡಿದೆ ಅಂತ ನಾಚಿಕೆಯಾಯಿತು.

ಲಿಫ್ಟಿನ ಬಾಗಿಲು ತೆಗೆದರೆ ಎದುರಿಗೇ ಏಳನೇ ಮಾಳಿಗೆಯ ಜಲಜಾಕ್ಷಿ. ಈ ಕಾಂದಿವಲಿಯ ಬಿಲ್ಡಿಂಗಿನಲ್ಲಿ ನಮ್ಮ ಕಡೆಯವಳು ಅಂದರೆ ಅವಳೊಬ್ಬಳೇ, ಅವಳೇ ಸಾಕು. ಮದುವೆ ಕುದುರಿಸುವ ಹುಚ್ಚು ಅವಳಿಗೆ. ಹೆಸರು ಕೇಳುವ ಮೊದಲು ಬಳಿ ಯಾವುದು ಅಂತ ಕೇಳುತ್ತಾಳೆ, ಬೇರೆಯವರಿಗೆ ಗೋತ್ರ ಇದ್ದ ಹಾಗೆ ನಮಗೆ ತಾಯಿಯಿಂದ ಬರುವ ಬಳಿ. ತಾಯಿಯ ಕಡೆಯಿಂದ ಹುಡುಗ ಹುಡುಗಿ ಒಂದೇ ಬಳಿ ಅಂತ ಗೊತ್ತಾಯಿತೋ, ಅಣ್ಣ ತಂಗಿಯಾಗುತ್ತದೆ ಅಂತ ಫೋಟೋ ವಾಪಸು.

"ಯಾರು ಶೀಲಾ, ನೆಂಟರಾ?"

ನನ್ನ ಬಾಯಿಗೆ ಏನು ಬಂತೋ ಅದು. "ನನ್ನ ದೊಡ್ಡಮ್ಮನ ಮಗ ಜಲಜಕ್ಕ, ಅಮರಣ್ಣ. ಇವರು ಅತ್ತಿಗೆ, ಸುಮತಿ. ಕಾಲಿನ ಔಷಧಕ್ಕೆ ಊರಿಂದ ಬಂದದ್ದು."

"ದೊಡ್ಡಮ್ಮನ ಮಗ ಅಂದರೆ ನಿನ್ನದೇ ಸಾಲ್ಯಾನ್ ಬಳಿ."

"ಮತ್ತೆ."

ಅಮೀರಣ್ಣ ನೆಲ ನೋಡುತ್ತಿದ್ದ. ಸಲ್ಮಾ ಒಳ್ಳೆ ತುಳುವಿನಲ್ಲಿ "ಎಂಚ ಉಲ್ಲರ್ ಅಕ್ಕ?" ಅಂತ ಕ್ಷೇಮ ಕೇಳಿದಳು. ಜಲಜಾಕ್ಷಿ ನಕ್ಕು ಹೋದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾಂಡುಪಿನ ಚಾಳಿನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದು ಕಲಿತ ತುಳು ಅದು. ಬಾಗಿಲು ಹಾಕಿದ ಮೇಲೆ ಸಲ್ಮಾ ಚಪ್ಪಲಿ ಇಡುವ ಕಟ್ಟೆಯ ಮೇಲೆಯೇ ಕೂತುಬಿಟ್ಟಳು.

೧೨ ಸೆಪ್ಟೆಂಬರ್, ಶುಕ್ರವಾರ

ಭಯ. ಲಿಫ್ಟ್ ನಮ್ಮ ಮಾಳಿಗೆಯಲ್ಲಿ ನಿಂತರೆ ಬಾಗಿಲ ಚಿಲಕ ಮತ್ತೆ ನೋಡಿ ಬರುತ್ತೇನೆ. ಹಾಲಿನವನಿಗೆ ಎರಡು ಪ್ಯಾಕೆಟ್ ಹೆಚ್ಚು ಹೇಳಲಿಕ್ಕೂ ಭಯ. ಮನೆಗೆಲಸಕ್ಕೆ ಬರುವ ಬಾಯಿಯನ್ನು ರಜೆಯಲ್ಲಿ ಕಳಿಸಿದೆ. ದೇವರೇ, ಇವರಿಬ್ಬರೂ ಬೇಗ ಊರು ಸೇರಲಿ. ನನ್ನಿಂದಾಗದು.

ಸಲ್ಮಾನ ಕರಿಮಣಿ ನೋಡಿ ಸಮಾಧಾನವಾಯಿತು. ಅವರ ಕಡೆಯ ಹೆಂಗಸರೂ ಹಾಕುತ್ತಾರೆ, ನಮಗೆ ಹೊಸದು ತರುವುದು ತಪ್ಪಿತು. ಹಣೆಗೆ ಮಾತ್ರ ಬೊಟ್ಟು ಹಚ್ಚಬೇಕಾಯಿತು. ನಾನೇ ಹಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡಳು.

೧೪ ಸೆಪ್ಟೆಂಬರ್, ಭಾನುವಾರ

ಸುಹಾಸ ಎಲ್ಲ ಸೆಟ್ ಮಾಡಿ ಬಂದಿದ್ದಾನೆ. ಅವನ ದೋಸ್ತನ ಗಾಡಿ ಬುಧವಾರ ಸೊಲ್ಲಾಪುರಕ್ಕೆ ಹೋಗುತ್ತದಂತೆ. ಅಲ್ಲಿಗೆ ವಿಜಯಪುರದಿಂದ ಅವರ ಮಗ ಜುಲ್ಫಿಕಾರ ಬಂದು ಕರೆದುಕೊಂಡು ಹೋಗುತ್ತಾನೆ. "ಮಮ್ಮಿ, ಫುಲ್ ಸೇಫ್. ಡ್ರೈವರ್ ಅಪ್ನಾ ಆದ್ಮಿ, ನಮ್ಮವನೇ" ಅಂದ.

ಒಳ್ಳೆಯದೇ. ಆದರೆ ಅಮೀರಣ್ಣನ ಗಾಯ ಇನ್ನೂ ಒಣಗಿಲ್ಲ. ದಾರಿಯಲ್ಲಿ ಕೀವಾದರೆ? ಒಂದು ವಾರ ತಡೆಯಲಿ ಅಂದೆ. ಅಮೀರಣ್ಣ "ಕಾಲ ಹೆಂಗಿದ್ರೂ ನಡೀತೈತ್ರಿ, ಕುಂತು ಹೋಗೂದೈತಲ್ಲ" ಅಂದ. ಅವನಿಗೇನು ಗೊತ್ತು. ಸಕ್ಕರೆ ಕಾಯಿಲೆ ಇರುವ ಮನುಷ್ಯ. ಗಾಡಿ ಬೇಡವೆಂದು ಹೇಳಿಸಿದೆ.

೧೭ ಸೆಪ್ಟೆಂಬರ್, ಬುಧವಾರ

ಇವತ್ತು ಎಷ್ಟು ಬರೆದರೂ ಸಾಲದು.

ಬೆಳಿಗ್ಗೆ ಎದ್ದರೆ ಅಡಿಗೆಕೋಣೆಯಲ್ಲಿ ಟಪ್ ಟಪ್ ಅಂತ ರೊಟ್ಟಿ ತಟ್ಟುವ ಸದ್ದು. ಹಾಸಿಗೆಯಲ್ಲೇ ಬಿದ್ದುಕೊಂಡು ಕೇಳಿದೆ. ಭಾಂಡುಪಿನ ಚಾಳಿನಲ್ಲಿ ನಮ್ಮ ಅವರ ನಡುವೆ ಒಂದೇ ಗೋಡೆ. ದಿನಾ ಈ ಸದ್ದಿಗೇ ನನಗೆ ಎಚ್ಚರ. ಸುಹಾಸ ಹುಟ್ಟಿದ ದಿನವೂ ಅವಳು ರೊಟ್ಟಿ ಬಿಟ್ಟು ಓಡಿ ಬಂದವಳು, ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಹಿಡಿದಿದ್ದಳು. ಅವಳಿಗೆ ನಾನು ಬಂಗುಡೆ ಮೀನಿನ ಪುಳಿಮುಂಚಿ ಕಲಿಸಿದೆ, ಅವಳು ನನಗೆ ಬದನೆ ಎಣಗಾಯಿ ಕಲಿಸಿದಳು. ನೀರಿನ ನಲ್ಲಿಯಲ್ಲಿ ಜಗಳವಾದರೆ ಇಬ್ಬರೂ ಸೇರಿ ಮೂರನೆಯವಳಿಗೆ ಬೈಯುವುದು. ನನ್ನ ಅಮ್ಮ ಸತ್ತಾಗ ಊರಿಗೆ ಹೋಗಲಾಗದೆ ನಾನು ಇವಳ ಮಡಿಲಲ್ಲಿ ಬಿದ್ದು ಅತ್ತದ್ದು.

ಚಾಳು ಬಿಲ್ಡರಿಗೆ ಹೋದಾಗ ಇಲ್ಲಿ ಎರಡು ಮನೆ ನೋಡಿದ್ದೆವು, ಎದುರು ಬದುರು. ಬ್ರೋಕರ್ ಅಮೀರಣ್ಣನ ಹೆಸರು ಕೇಳಿದ ಮೇಲೆ ಒಂದೇ ಮನೆ ಉಳಿಯಿತು. "ನೀ ತಗೋ ಶೀಲಕ್ಕ, ಲೋಕಲ್ ಟ್ರೇನ್ ಐತಲ್ಲ, ಬರೂಣು ಹೋಗೂಣು" ಅಂದಿದ್ದಳು. ಆರು ವರ್ಷ ಆಯಿತು. ಘಾಟ್ಕೋಪರ್ ಬದಲಿಸಿ, ಅಂಧೇರಿ ಬದಲಿಸಿ, ಮೊಣಕಾಲು ಹಿಡಿದುಕೊಂಡು ವರ್ಷಕ್ಕೆ ಒಂದೆರಡು ಸಲ ಬಂದು ಹೋದರೆ ಅದು ಬಂದ ಹಾಗಾಯಿತಾ. ಈ ಬಿಲ್ಡಿಂಗಿನಲ್ಲಿ ಗೋಡೆ ದಪ್ಪ. ಪಕ್ಕದವರು ಸತ್ತರೂ ಗ್ರೂಪಿನಲ್ಲಿ ಬಂದಮೇಲೆ ಗೊತ್ತಾಗುವುದು.

ಇವತ್ತು ಇಡೀ ದಿನ ಕೂತು ಮಾತಾಡಿದೆವು. ಕೆಳಗಿನ ಮನೆಯವರು ಮೇಲೆ ಏನು ಕುಟ್ಟುತ್ತೀರಿ ಅಂತ ಕೇಳಿದರು, ಶುಂಠಿ ಅಂದೆ. ಸಲ್ಮಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಂದ ಮೇಲೆ ಮೊದಲ ಸಲ ನಕ್ಕದ್ದು.

ಸುಹಾಸನ ದೋಸ್ತನ ಗಾಡಿ ಇವತ್ತು ಸಂಜೆಗೆ ಸೊಲ್ಲಾಪುರ ತಲುಪಿತಂತೆ. ಏನೂ ತೊಂದರೆ ಆಗಲಿಲ್ಲವಂತೆ. ಇರಲಿ.

೨೦ ಸೆಪ್ಟೆಂಬರ್, ಶನಿವಾರ

ಸುಹಾಸನಿಗೆ ನನ್ನ ಮೇಲೆ ಸಿಟ್ಟು. ಸೋಮವಾರ ಮತ್ತೊಂದು ಗಾಡಿ ಉಂಟಂತೆ. ಸೋಮವಾರದಿಂದ ನವರಾತ್ರಿ, ರಸ್ತೆಯೆಲ್ಲ ಗರ್ದಿ, ಮಂಟಪಕ್ಕೆ ಮಂಟಪ ಚೆಕಿಂಗ್, ದಸರಾ ಮುಗಿಯಲಿ ಅಂದೆ. ಗಾಯ ಒಣಗಿತಲ್ಲ ಅಂದ. ಒಣಗಿದೆ, ಆದರೆ ಸಿಪ್ಪೆ ಎದ್ದಿಲ್ಲ ಅಂದೆ.

"ಮಮ್ಮಿ, ನೀನು ಸಮಜ್ ಯಾಕೆ ಮಾಡ್ತಿಲ್ಲ? ಅಂಕಲ್ ಫೇಸ್ ಎಲ್ಲರ ಮೊಬೈಲಲ್ಲಿ ಇದೆ."

"ನನ್ನ ಮನೆಯಲ್ಲಿ ಅವರಿಗೇನು ಕಮ್ಮಿ?" ಅಂದೆ. ಅವನು ಬಾಗಿಲು ಹಾಕಿಕೊಂಡ. ಗಂಡು ಮಕ್ಕಳಿಗೆ ಎಲ್ಲ ಅವಸರ.

ಇವರೂ ಊಟ ಮಾಡುತ್ತಾ ಮೆಲ್ಲಗೆ "ಕಳಿಸಿಬಿಡುವ ಶೀಲಾ" ಅಂದರು. ನಾನು ಕೇಳಿಸದ ಹಾಗೆ ಮಜ್ಜಿಗೆ ಬಡಿಸಿದೆ. ಅಮೀರಣ್ಣ ದಿನವಿಡೀ ಕಿಟಕಿಯ ಪರದೆ ಒಂದು ಬೆರಳು ಸರಿಸಿ ಕೂತಿರುತ್ತಾನೆ. ಮಾತಿಲ್ಲ. ಮನೆಯ ಗ್ಯಾಸ್ ಒಲೆ ಮೂರು ಸಲ ಬಿಚ್ಚಿ ಜೋಡಿಸಿದ. ಸಲ್ಮಾ ಸಂಜೆ ಕೇಳಿದಳು, "ಶೀಲಕ್ಕ, ನಾವು ಹೋಗೂದು ಯಾವಾಗ? ಮಮ್ಮಗಳು ದಿನಾ ಫೋನಿನ್ಯಾಗ ಅಳತಾಳ."

"ಹೋಗುವಿಯಂತೆ. ಇಲ್ಲಿ ಮುಳ್ಳು ಚುಚ್ಚುತ್ತದಾ?" ಅಂದೆ.

೨೩ ಸೆಪ್ಟೆಂಬರ್, ಮಂಗಳವಾರ

ಜಲಜಾಕ್ಷಿ ಕರೆಯಲು ಬಂದಿದ್ದಳು. ನಾಳೆ ಕ್ಲಬ್ ಹೌಸಿನಲ್ಲಿ ಭಜನೆ, ಆಮೇಲೆ ಅರಿಶಿನ ಕುಂಕುಮ. ಪಕ್ಕದ ಬಿಲ್ಡಿಂಗಿನ ನಮ್ಮವರೂ ಬರುತ್ತಾರೆ. ಅತ್ತಿಗೆಯನ್ನೂ ಕರೆದುಕೊಂಡು ಬಾ ಅಂದಳು. ಸಲ್ಮಾ ಬಾಗಿಲ ಸಂದಿಯಿಂದ ತಲೆ ಅಲ್ಲಾಡಿಸಿದಳು. ನಾನು ಬರುತ್ತೇವೆ ಅಂದುಬಿಟ್ಟೆ.

ಬರದಿದ್ದರೆ ಸಂಶಯ ಬರುವುದಿಲ್ಲವಾ? ಅದಕ್ಕೇ. ಮತ್ತೆ ಅವಳಿಗೂ ಎಷ್ಟು ದಿನ ಅಂತ ಬೆಡ್‌ರೂಮಿನ ಗೋಡೆ.

"ಬ್ಯಾಡ ಶೀಲಕ್ಕ" ಅಂದಳು. "ನನಗ ನಿಮ್ಮ ದೇವರ ಮುಂದ ಸುಳ್ಳು ಹೆಸರಿಟ್ಕೊಂಡು ಕುಂದರಾಕ ಅಂಜಿಕಿ ಬರ್ತೈತಿ."

"ಚಾಳಿನ ಗಣಪತಿಗೆ ಮೋದಕ ಕಟ್ಟಿದವಳು ನೀನೇ ಅಲ್ಲವಾ. ದೇವರಿಗೆ ಗೊತ್ತುಂಟು ನೀನು ಯಾರು ಅಂತ."

ನನ್ನ ಹಸಿರು ರೇಷ್ಮೆ ತೆಗೆದಿಟ್ಟೆ. ರವಿಕೆ ಸ್ವಲ್ಪ ಬಿಗಿಯಾದೀತು, ಹೊಲಿಗೆ ಬಿಚ್ಚಿದೆ.

೨೪ ಸೆಪ್ಟೆಂಬರ್, ಬುಧವಾರ

ಎಷ್ಟು ಚೆಂದ ಕಂಡಳು! ನನ್ನ ಸೀರೆ ನನಗಿಂತ ಅವಳಿಗೇ ಒಪ್ಪುತ್ತದೆ. ಹೂ ಮುಡಿಸಿದೆ. ಇಬ್ಬರೂ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡೆವು. ಆರು ವರ್ಷದಲ್ಲಿ ಈ ಬಿಲ್ಡಿಂಗಿನಲ್ಲಿ ಮೊದಲ ಸಲ ನಾನು ಒಬ್ಬಳೇ ಇರಲಿಲ್ಲ.

ಭಜನೆಗೆ ಅವಳು ತಾಳ ಹಾಕಿದಳು, ಒಂದೂ ತಪ್ಪದೆ. ಪಕ್ಕದ ಬಿಲ್ಡಿಂಗಿನ ಹೆಂಗಸರು ಬಂದು ಮಾತಾಡಿಸಿದರು. ಅವಳ ತುಳು ಕೇಳಿ, "ನಮ್ಮ ಮಕ್ಕಳಿಗೆ ಇಷ್ಟು ಬರುವುದಿಲ್ಲ" ಅಂದರು. ನನಗೆ ಹೊಟ್ಟೆ ತುಂಬಿ ಬಂತು. ಒಬ್ಬಳು "ಇವರು ನಿಮಗೆ ಏನಾಗಬೇಕು?" ಅಂತ ಕೇಳಿದಳು.

"ತಂಗಿ" ಅಂದೆ. "ಸ್ವಂತ ಚಿಕ್ಕಮ್ಮನ ಮಗಳು. ಒಟ್ಟಿಗೆ ಬೆಳೆದದ್ದು."

"ಹಾಗಾದರೆ ಸಾಲ್ಯಾನ್."

"ಸಾಲ್ಯಾನ್ ಅಲ್ಲದೆ ಮತ್ತೆಂಥದು. ನನ್ನ ಬಳಿಯೇ ಅವಳದ್ದು."

ಹೇಳುವಾಗ ಎಷ್ಟು ಸುಖವಾಯಿತು. ಅದು ಸುಳ್ಳು ಅಂತ ಅನಿಸಲೇ ಇಲ್ಲ. ಜಲಜಾಕ್ಷಿ ಕುಂಕುಮದ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದಳು. ನನ್ನ ಮುಖ ನೋಡಿದಳು, ಸಲ್ಮಾನ ಮುಖ ನೋಡಿದಳು, ಏನೂ ಹೇಳದೆ ಮುಂದಿನವಳಿಗೆ ಕುಂಕುಮ ಕೊಡಲು ಹೋದಳು. ಯಾವಾಗಲೂ ಬಾಯಿ ಬಡಿಯುವವಳಿಗೆ ಇವತ್ತು ಏನಾಯಿತೋ.

ದಸರಾ ಕಳೆದ ಮೇಲೂ ಅವಸರವಿಲ್ಲ. ದೀಪಾವಳಿ ಹತ್ತಿರವೇ ಉಂಟು.

೨೫ ಸೆಪ್ಟೆಂಬರ್, ಗುರುವಾರ

ನನ್ನ ನಾಲಿಗೆ ಕತ್ತರಿಸಬೇಕು.

ಬೆಳಿಗ್ಗೆ ಚಾ ಕುಡಿಯುತ್ತಾ ಇವರಿಗೆ ನಿನ್ನೆಯದು ಹೇಳುತ್ತಿದ್ದೆ. ತಂಗಿ ಅಂದೆ, ನಮ್ಮ ಬಳಿ ಅಂದೆ ಅಂತ. ಇವರ ಕೈಯಲ್ಲಿ ಲೋಟ ನಿಂತಿತು.

"ಅಮೀರಣ್ಣ ಯಾರು ಅಂತ ಹೇಳಿದ್ದೆ ನೀನು?"

"ದೊಡ್ಡಮ್ಮನ ಮಗ."

"ಸಲ್ಮಾ?"

"ಚಿಕ್ಕಮ್ಮನ..."

"ಅಣ್ಣ ತಂಗಿಯನ್ನು ಗಂಡ ಹೆಂಡತಿ ಮಾಡಿದೆ ಮಾರಾಯ್ತಿ. ಅದೂ ಜಲಜಾಕ್ಷಿಯ ಎದುರು."

ಈ ಬಿಲ್ಡಿಂಗಿನ ಗುಜರಾತಿಗಳಿಗೆ, ಮರಾಠಿಯವರಿಗೆ ಇದು ತಲೆಗೇ ಹೋಗುವುದಿಲ್ಲ. ಇಡೀ ಕಾಂದಿವಲಿಯಲ್ಲಿ ಈ ಒಂದು ತಪ್ಪು ಹಿಡಿಯುವವಳು ಅವಳೊಬ್ಬಳೇ, ಅವಳ ಕೈಗೇ ನಾನು ಕೊಟ್ಟದ್ದು. ಅತ್ತಿಗೆ ಅಂತ ಸುಮ್ಮನೆ ಇದ್ದಿದ್ದರೆ ಮುಗಿಯುತ್ತಿತ್ತು. ನನಗೆ ಅತ್ತಿಗೆ ಸಾಲಲಿಲ್ಲ.

ಹನ್ನೊಂದು ಗಂಟೆಗೆ ಬೆಲ್. ಜಲಜಾಕ್ಷಿಯೇ. ಒಳಗೆ ಬಂದು ಬಾಗಿಲು ತಾನೇ ಹಾಕಿದಳು.

"ಯಾರು ಶೀಲಾ ಅವರು?"

ನಾನು ಬಾಯಿ ತೆರೆಯುವ ಮೊದಲೇ ಅಳಲು ಶುರು ಮಾಡಿದಳು. ಅವಳು ಅಳುವುದು! ನಿನ್ನೆಯೇ ವಿರಾರಿನಲ್ಲಿರುವ ತನ್ನ ತಂಗಿಗೆ ಫೋನ್ ಮಾಡಿ, ಶೀಲಾನ ಮನೆಯಲ್ಲಿ ಒಂದೇ ಬಳಿಯ ಗಂಡ ಹೆಂಡತಿ ಇದ್ದಾರೆ, ಗಂಡ ಕುಂಟುತ್ತಾನೆ, ಬಾಯಿ ಬಿಡುವುದಿಲ್ಲ, ಏನೋ ಹೊಲಸು ಉಂಟು ಅಂತ ನಗುನಗುತ್ತಾ ಹೇಳಿದ್ದಾಳೆ. ತಂಗಿಯ ಮಗ ಅಲ್ಲೇ ಕೂತು ಕೇಳುತ್ತಿದ್ದನಂತೆ. ಬೆಳಿಗ್ಗೆ ಅವನೇ ಫೋನ್ ಮಾಡಿದ್ದಾನೆ. ಆ ಮನುಷ್ಯನ ಫೋಟೋ ಉಂಟಾ ದೊಡ್ಡಮ್ಮ, ಕಾಲಿಗೆ ಯಾವಾಗ ಪೆಟ್ಟಾಯಿತು ಅಂತ ಕೇಳಿದ್ದಾನೆ. ಆಗ ಇವಳಿಗೆ ವಿಡಿಯೋ ನೆನಪಾದದ್ದು.

"ಫೋಟೋ ಇಲ್ಲ ಅಂದೆ. ಆದರೆ ಅವನಿಗೆ ನಮ್ಮ ಬಿಲ್ಡಿಂಗ್ ಗೊತ್ತು. ವಿಡಿಯೋ ಹಂಚುವ ಆ ಹುಡುಗರ ಜೊತೆ ತಿರುಗುವವ. ನಾಳೆ ಸಂಜೆ ಬರುತ್ತೇನೆ ಅಂದಿದ್ದಾನೆ. ನನಗೆ ಏನೂ ಗೊತ್ತಿರಲಿಲ್ಲ ಶೀಲಾ. ನನಗೆ ಬಳಿ ಮಾತ್ರ ಗೊತ್ತಾದದ್ದು."

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಕೊಟ್ಟವಳು ನಾನು.

ಅಮೀರಣ್ಣ ಒಳಗಿಂದ ಎಲ್ಲ ಕೇಳಿದ್ದ. ಬಂದು ನನಗೆ ಕೈ ಮುಗಿದ. "ನಿಮ್ಮ ಅನ್ನದ ಋಣ ಭಾಳ ಆತು ಅಕ್ಕಾರ. ಇನ್ನ ಬಿಡ್ರಿ" ಅಂದ. ಸಲ್ಮಾ ಮಾತ್ರ ಬಟ್ಟೆ ಮಡಚುತ್ತಿದ್ದಳು. ನನ್ನ ಹಸಿರು ಸೀರೆ ಮಡಚಿ ಮಂಚದ ಮೇಲಿಟ್ಟಳು. ಅದು ನಿನಗೇ ಇರಲಿ ಅಂದೆ.

ಆಗ ತಿರುಗಿದಳು. "ಹ್ವಾದ ವಾರ ಬುಧವಾರ ಗಾಡಿ ಇತ್ತು. ಸ್ವಾಮಾರ ಇತ್ತು. ಸುಹಾಸ ಎಲ್ಲಾ ಹೇಳ್ಯಾನ. ನೀ ನಮ್ಮನ್ನ ಉಳಿಸಾಕ ಕರದಿ ಶೀಲಕ್ಕ, ಆಮ್ಯಾಲ ಇಟಗೊಳ್ಳಾಕ ನೋಡಿದಿ. ನನ್ನ ಗಂಡ ಏನ್ ನಿಮ್ಮ ಭಜನಿಗೆ ತಾಳ ಹಾಕಾಕ ಬಂದಿದ್ನೇನ? ಅವನ ಜೀವದ ಪ್ರಶ್ನೆ ಇತ್ತು."

ನನಗೆ ಕೋಪ ಬಂತು. ಇಷ್ಟೆಲ್ಲ ಮಾಡಿದವಳಿಗೆ ಈ ಮಾತಾ. ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಅಂತ ಕೂಗಿದೆ. ಅವಳು ಚೀಲದ ಜಿಪ್ ಎಳೆದಳು.

೨೬ ಸೆಪ್ಟೆಂಬರ್, ಶುಕ್ರವಾರ

ಬೆಳಕು ಹರಿಯುವ ಮೊದಲು ಹೋದರು.

ಹೋಟೆಲಿನ ಟೆಂಪೋ. ನವರಾತ್ರಿಯ ಕ್ಯಾಟರಿಂಗಿಗೆ ದಿನಾ ಪಾತ್ರೆ ತುಂಬಿಕೊಂಡು ಓಡಾಡುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಇವರೇ ಡ್ರೈವರ್ ಪಕ್ಕದಲ್ಲಿ ಕೂತರು. ಹಿಂದೆ ತೋಪುಗಳ ನಡುವೆ ಅಮೀರಣ್ಣ, ಸಲ್ಮಾ. ಮೇಲೆ ತಾಡಪಾಲು. ಹತ್ತುವಾಗ ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

ಈಗ ಮಧ್ಯಾಹ್ನ. ಇವರ ಫೋನ್ ಹತ್ತುವುದಿಲ್ಲ. ಅನ್ನ ಇಟ್ಟೆ, ಸೀದು ಹೋಯಿತು.

ನಾಲ್ಕು ಗಂಟೆ. ಸುಹಾಸನ ಮುಖ ನೋಡಲು ಆಗುವುದಿಲ್ಲ.

ಸಂಜೆ ಏಳು. ಸೊಲ್ಲಾಪುರ ಮುಟ್ಟಿದರಂತೆ. ದಾರಿಯಲ್ಲಿ ಒಂದು ಕಡೆ ಹುಡುಗರು ಗಾಡಿ ನಿಲ್ಲಿಸಿ ತಾಡಪಾಲು ಎತ್ತಿದರಂತೆ. ಅಮೀರಣ್ಣ ದೊಡ್ಡ ಹಂಡೆಯ ಒಳಗೆ ಮುದುಡಿ ಕೂತಿದ್ದನಂತೆ, ಮುಚ್ಚಳ ಮುಚ್ಚಿಕೊಂಡು. ಹೊರಗೆ ಸಲ್ಮಾ ಒಬ್ಬಳೇ. ತುಳುವಿನಲ್ಲಿ ಡ್ರೈವರನಿಗೆ ಬಾಯಿಗೆ ಬಂದ ಹಾಗೆ ಬೈದಳಂತೆ, ಅಡಿಗೆಗೆ ಹೊತ್ತಾಯಿತು, ಪೂಜೆ ಯಾರು ನಿಲ್ಲಿಸುತ್ತಾರೆ ಅಂತ. ಹುಡುಗರು ನಗುತ್ತಾ ಬಿಟ್ಟರಂತೆ. ಜುಲ್ಫಿಕಾರ ಬಂದು ಕರೆದುಕೊಂಡು ಹೋದ.

ದೇವರೇ. ಅರವತ್ತು ದಾಟಿದ ಮನುಷ್ಯ, ಹಂಡೆಯ ಒಳಗೆ.

೨೭ ಸೆಪ್ಟೆಂಬರ್, ಶನಿವಾರ

ವಿರಾರಿನ ಹುಡುಗ ನಿನ್ನೆ ಸಂಜೆ ಬಂದೇ ಬಂದ, ಇನ್ನೂ ನಾಲ್ಕು ಜನರ ಜೊತೆ. ಗೇಟಿನಲ್ಲೇ ಜಲಜಾಕ್ಷಿ ಹಿಡಿದು, ಶೀಲಾನ ನೆಂಟರು ಊರಿಗೆ, ಮೂಲ್ಕಿಗೆ ಹೋದರು, ಬಳಿಯ ವಿಷಯ ನಾನೇ ತಪ್ಪು ಕೇಳಿಸಿಕೊಂಡದ್ದು, ವಯಸ್ಸಾಯಿತು ಅಂದಳಂತೆ. ಬಳಿಯ ವಿಷಯದಲ್ಲಿ ತಪ್ಪಿದೆ ಅಂತ ಜಲಜಾಕ್ಷಿ ಒಪ್ಪುವುದು ಅಂದರೆ ಸಣ್ಣ ಮಾತಲ್ಲ. ಹುಡುಗರು ಆದರೂ ನಮ್ಮ ಮನೆಯವರೆಗೆ ಬಂದು ಕೋಣೆ ಕೋಣೆ ಇಣುಕಿ ಹೋದರು. ಅಮೀರಣ್ಣ ಕೂರುತ್ತಿದ್ದ ಕುರ್ಚಿಯಲ್ಲಿ ಒಬ್ಬ ಕೂತು ನೀರು ಕೇಳಿದ. ಕೊಟ್ಟೆ.

೯ ಅಕ್ಟೋಬರ್, ಗುರುವಾರ

ಫೋನಿಲ್ಲ. ನಾನು ಮಾಡಿದರೆ ಜುಲ್ಫಿಕಾರ ಎತ್ತುತ್ತಾನೆ. ಅಮ್ಮ ನಮಾಜಿಗೆ ಕೂತಾಳ, ಅಮ್ಮ ಮಲಗ್ಯಾಳ ಅನ್ನುತ್ತಾನೆ.

೨೦ ಅಕ್ಟೋಬರ್, ಸೋಮವಾರ

ದೀಪಾವಳಿ. ಒಂದೇ ಒಂದು ಫೋನಿಗೆ ಕಾದೆ. ಇವರು ಸ್ವೀಟ್ ತಂದರು, ತಿನ್ನಲಾಗಲಿಲ್ಲ. ಅವಳು ಹೇಳಿದ್ದು ನಿಜ ಇರಬೇಕು. ನಿಜ ಇಲ್ಲದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

೧೬ ನವೆಂಬರ್, ಭಾನುವಾರ

ಸಲ್ಮಾ ಫೋನ್ ಮಾಡಿದಳು! "ಶೀಲಕ್ಕ, ಏನ್ ಮಾಡಾಕತ್ತೀಯ?" ಅಂದಳು, ನಿನ್ನೆಯೇ ಮಾತಾಡಿದವಳ ಹಾಗೆ. ನಾನು ಅತ್ತೆ, ಅವಳು ಬೈದಳು, ಮತ್ತೆ ಅವಳೂ ಅತ್ತಳು. ಆವತ್ತಿನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದಳು. ಹಚ್ಚಿಕೊಂಡಾಯಿತು ಅಂದೆ. ಅಲ್ಲಿ ಅವಳಿಗೆ ಸೇರುವುದಿಲ್ಲವಂತೆ. ಸೊಸೆಯ ಮನೆ, ಸೊಸೆಯ ಒಲೆ. ಅಕ್ಕಪಕ್ಕದವರು ಬೊಂಬಾಯಿಯವಳು ಅನ್ನುತ್ತಾರಂತೆ. ಕನಸಿನಲ್ಲಿ ಲೋಕಲ್ ಬರುತ್ತದಂತೆ. ಅಮೀರಣ್ಣ ಗಡ್ಡ ಬಿಟ್ಟಿದ್ದಾನಂತೆ, ಪೂರ್ತಿ ಬಿಳಿ.

ತುಂಬ ಹೊತ್ತು ಮಾತಾಡಿದೆವು. ಇವತ್ತು ಎರಡು ಸಲ ಊಟ ಮಾಡಿದೆ.

೩ ಡಿಸೆಂಬರ್, ಬುಧವಾರ

ಮೊನ್ನೆಯಿಂದ ಆ ವಿಡಿಯೋ ಮತ್ತೆ ತಿರುಗುತ್ತಿದೆ. ಎಲೆಕ್ಷನ್ ಹತ್ತಿರ ಬಂತು. ಈ ಸಲ ಹಾಡು ಹಾಕಿ, ಅಮೀರಣ್ಣನ ಮುಖಕ್ಕೆ ಕೆಂಪು ಸುತ್ತು ಹಾಕಿ ಕಳಿಸುತ್ತಿದ್ದಾರೆ. ನಿನ್ನೆ ಹೋಟೆಲಿಗೆ ಮೂವರು ಬಂದು, ಒಲೆ ರಿಪೇರಿಗೆ ಈಗ ಯಾರನ್ನು ಕರೆಯುತ್ತೀರಿ, ಹಳಬ ಎಲ್ಲಿ ಅಂತ ಕೇಳಿ ಹೋದರಂತೆ.

ಮಧ್ಯಾಹ್ನ ಸಲ್ಮಾನ ಫೋನ್. ದನಿಯಲ್ಲೇ ಸಂತೋಷ. "ಶೀಲಕ್ಕ, ಟಿಕೀಟ ತಗೀಲ್ಯಾ? ಇವರು ಅಂಗಡಿ ಮತ್ತ ತಗೀತೀನಿ ಅಂತಾರ. ಮದ್ಲ ಒಂದ್ ತಿಂಗಳ ನಿನ್ನ ಮನ್ಯಾಗ ಇರತೀವಿ. ಅತ್ತಿಗಿ ಅನ್ನು, ತಂಗಿ ಅನ್ನು, ನೀ ಏನ್ ಅಂದ್ರೂ ಆಗ್ತೀನಿ."

ಈ ಮಾತಿಗಾಗಿ ನಾನು ಎಷ್ಟು ಕಾದಿದ್ದೆ. ಬಾ ಅನ್ನು, ಬಾ ಅನ್ನು ಅಂತ ಎದೆಯೊಳಗೆ ಒಂದೇ ಸಮನೆ.

ಅಪಾಯ ಉಂಟು ಅಂದೆ, ವಿಡಿಯೋ ಮತ್ತೆ ಬರುತ್ತಿದೆ ಅಂದೆ. ಅವಳು ಕೇಳಲಿಲ್ಲ. "ನಿನ್ನ ಮನಿ ಇರೂತನ ನನಗ ಯಾರ ಅಂಜಿಕಿ?" ಅಂದಳು. ಅಮೀರಣ್ಣ ಹಿಂದಿನಿಂದ ಕೂಗಿದ, ಎಷ್ಟಂತ ಅಡಗಿ ಕುಂದರೂದ್ರಿ ಅಕ್ಕಾರ, ಸತ್ತರ ಅಲ್ಲೇ ಸಾಯ್ತೀನಿ ಅಂತ. ಇಬ್ಬರಿಗೂ ಎಷ್ಟು ಹೆದರಿಸಿ ಹೇಳಿದರೂ ಬಂದೇ ಬರುತ್ತಾರೆ. ನನಗೆ ಗೊತ್ತುಂಟು ಅವರು.

ಹಾಗಾಗಿ ಹೇಳಿದೆ.

"ಬೇಡ ಸಲ್ಮಾ. ಸುಹಾಸನಿಗೆ ಹೆಣ್ಣು ನೋಡುತ್ತಿದ್ದೇವೆ. ಮನೆಗೆ ಬೀಗರು ಬರುತ್ತಾರೆ. ನೀವು ಇದ್ದರೆ ನಮಗೆ ಕಷ್ಟ."



"ಎಂಥ ಕಷ್ಟ?" ಅಂದಳು.

"ಗೊತ್ತುಂಟಲ್ಲ ನಿನಗೆ" ಅಂದೆ.

ಅವಳ ಉಸಿರು ಕೇಳುತ್ತಿತ್ತು. ಕೇಳುತ್ತಾ ನಿಂತೆ. ಇಡುತ್ತಾಳೆ ಅಂತ ಗೊತ್ತು, ಇಡದಿರಲಿ ಅಂತಲೂ ಬೇಡಿದೆ.

"ಆತು ಶೀಲಕ್ಕ" ಅಂದಳು. "ಹುಡುಗನ ಮದುವಿ ಚಲೋತ್ನ್ಯಾಗ ಆಗಲಿ." ಫೋನ್ ಇಟ್ಟಳು.

ಸುಹಾಸನಿಗೆ ಯಾವ ಹೆಣ್ಣೂ ನೋಡುತ್ತಿಲ್ಲ. ಇವರು ಹೋಟೆಲಿನಿಂದ ಬಂದ ಮೇಲೂ ಸಲ್ಮಾ ಫೋನ್ ಮಾಡಿದ್ದು ನಾನು ಹೇಳಿಲ್ಲ.

ಈಗ ಅವಳು ನನ್ನನ್ನು ಬೈಯುತ್ತಿರಬಹುದು. ಇವಳೂ ಎಲ್ಲರ ಹಾಗೆಯೇ ಅಂತ ಜುಲ್ಫಿಕಾರನ ಹೆಂಡತಿಯ ಎದುರು ಹೇಳುತ್ತಿರಬಹುದು. ಹೇಳಲಿ. ಬೈದುಕೊಂಡು ಅಲ್ಲೇ ಇರಲಿ.